‘ಭ’ ಆದ ಮೇಲಿನ ಅಕ್ಷರ

ಬೀದರ, ಫರವರ್ದಿ ೪, ಫಸಲಿ ೧೩೩೮

ಗಾಡಿ ಬಂತು. ಎರಡು ವರ್ಷ ಯಾರದೋ ಗೋದಾಮಿನ ಹಿಂದೆ ಬಿದ್ದು ಕೋಳಿಗಳ ಮನೆಯಾಗಿದ್ದ ಗಾಡಿ. ಹಿಂದೆ ಒಬ್ಬ ಪಾದ್ರಿ ಸಾಹೇಬ ಇದರಲ್ಲೇ ಉಂಡು, ಇದರಲ್ಲೇ ಮಲಗಿ ಹಳ್ಳಿ ಹಳ್ಳಿ ತಿರುಗುತ್ತಿದ್ದ. ಅವನು ತನ್ನ ದೇಶಕ್ಕೆ ಹೋದ ಮೇಲೆ ಯಾರಿಗೂ ಬೇಡವಾಗಿ, ಕೇರಿಯವರಿಗೆ ಅಕ್ಷರ ಕಲಿಸಲೆಂದು ಕಟ್ಟಿದ ನಮ್ಮ ಸಭೆಗೆ ಬಂದಿದೆ. ನಾಲ್ಕೂ ಕಡೆ ಹಲಗೆಯ ಗೋಡೆ, ಎರಡು ಕಿಟಕಿ, ಒಳಗೆ ಮಡಚುವ ಮಂಚ. ಮಾಡು ಸೋರುತ್ತದೆ. ಬಲಗಾಲಿಯ ನಡುವಿನಿಂದ ಅಂಚಿಗೆ ಹೋಗುವ ಅರಗಳಲ್ಲಿ ಮೂರು ಮುರಿದಿವೆ. ಗಾಲಿಗೆ ಸುತ್ತಿದ ಕಬ್ಬಿಣದ ಹಳಿ ಸಡಿಲಾಗಿ ಮುದುಕಿಯ ಬಳೆಯ ಹಾಗೆ ಅಲ್ಲಾಡುತ್ತದೆ. ಒಳಗೆ ಮೊಣಕಾಲಿನ ತನಕ ಕೋಳಿ ಹಿಕ್ಕೆ.

ಹೆಂಡತಿ ಕೇಶರಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇದರಾಗ ಮನಷ್ಯಾರು ಇರಬೇಕೇನ್ರಿ?" ಅಂದಳು.

ಇರಬೇಕು. ಹೋದ ವರ್ಷ ಔರಾದ ಕಡೆಯ ಒಂದು ಹಳ್ಳಿಗೆ ನಮ್ಮವರ ಮಕ್ಕಳಿಗೆ ಅಕ್ಷರ ಕಲಿಸಲು ಹೋದಾಗ ಏನಾಯಿತೆಂದು ಅವಳಿಗೂ ಪೂರ್ತಿ ಹೇಳಿಲ್ಲ. ಧರ್ಮಶಾಲೆಯ ಮೆಟ್ಟಿಲು ಮುಟ್ಟಗೊಡಲಿಲ್ಲ. ಮಾಸ್ತರನೆಂದು ಹೋದವನು ದನ ಕುಡಿಯುವ ಬಾನಿಗೆ ಬೊಗಸೆ ಹಾಕಿ ಕುಡಿದೆ. ಮೂರು ರಾತ್ರಿ ಹುಣಸೆಮರದ ಬುಡ. ನಾಲ್ಕನೆಯ ದಿನ ಜ್ವರ ಹತ್ತಿ ತಿರುಗಿ ಬಂದೆ. ಹನ್ನೆರಡು ಅಕ್ಷರಕ್ಕೇ ಸಾಲೆ ನಿಂತಿತು. ಈ ರಾಜ್ಯದಲ್ಲಿ ನಮ್ಮಂಥವರು ದಾರಿ ನಡೆಯಬೇಕಾದರೆ ಮನೆಯನ್ನೂ ನೀರನ್ನೂ ಕಟ್ಟಿಕೊಂಡೇ ಹೊರಡಬೇಕು. ಅದಕ್ಕೇ ಈ ಗಾಡಿ.

ಇನ್ನೆರಡು ತಿಂಗಳಿಗೆ, ಖುರದಾದ ಹತ್ತಕ್ಕೆ, ಭಾಲ್ಕಿಯಲ್ಲಿ ಸಭೆ. ಈ ಗಾಡಿ ಹತ್ತಿ ತಿರುಗುವ ಸಂಚಾರಿ ಮಾಸ್ತರ ಯಾರೆಂದು ಅಂದು ಸುಭದ್ರಾ ಆಯಿ ಹೇಳುತ್ತಾಳೆ. ಆಕೆ ಸೂಲಗಿತ್ತಿ. ಭಾಲ್ಕಿಯ ಅರ್ಧ ಊರು ಆಕೆಯ ಕೈಯಲ್ಲಿ ಹುಟ್ಟಿದೆ, ಸಭೆಯಲ್ಲಿ ಆಕೆಯ ಮಾತಿಗೆ ಎದುರು ಮಾತಿಲ್ಲ. ಮಾಸ್ತರಿಕೆ ನನ್ನದೇ. ಸುತ್ತಿನ ಮೂರು ತಾಲೂಕಿನ ನಮ್ಮ ಕೇರಿಗಳಲ್ಲಿ ಕನ್ನಡ ಓದಿ ಬರೆಯುವವನು ನಾನೊಬ್ಬ. ಗಾಡಿಯನ್ನೂ ನಾನೇ ದುರಸ್ತಿ ಮಾಡಿ, ನಾನೇ ಹೊಡೆದುಕೊಂಡು ಹೋಗಿ ಆಕೆಯ ಮುಂದೆ ನಿಲ್ಲಿಸುತ್ತೇನೆ.

ಫರವರ್ದಿ ೧೯

ಹಿಕ್ಕೆ ಕೆರೆಯುವುದಕ್ಕೇ ಐದು ದಿನ ಹೋದವು. ಮಾಡಿಗೆ ತಗಡು ಬಡಿದೆ. ಪರೀಕ್ಷೆಗೆಂದು ಕೇಶರಿ ಮೇಲಿನಿಂದ ಒಂದು ಕೊಡ ನೀರು ಸುರಿದಳು. ಒಳಗೆ ಕೂತ ನನ್ನ ತಲೆಯ ಮೇಲೆ ಇಡೀ ಕೊಡದ ನೀರು ಬಂತು.

ಮೂರು ಅರಗಳನ್ನು ಕೆತ್ತಿ ಕೂಡಿಸಿದೆ. ಅವು ಚೆನ್ನಾಗಿಯೇ ಕೂತವು. ಹಳಿಗೆ ಚೆಕ್ಕೆ ತುರುಕಿ ಬಿಗಿ ಮಾಡಿ ಗಾಡಿ ತಳ್ಳಿದೆ. ಹತ್ತು ಹೆಜ್ಜೆಗೆ ಹಳಿ ಕಳಚಿ, ತಾನೊಂದೇ ಓಣಿಯಲ್ಲಿ ಉರುಳಿಕೊಂಡು ಹೋಗಿ ಕಮ್ಮಾರ ಶರಫೋದ್ದೀನನ ಕುಲುಮೆಯ ಮುಂದೆ ಬಿದ್ದಿತು.

"ಮಾಣಿಕಾ, ಹಳಿಗಿ ಅಕಲ್ ಅದ ನೋಡು. ಯಾರ ಹಂತೇಲಿ ಬರಬೇಕಂತ ಅದಕ್ಕ ಗೊತ್ತದ, ನಿನಗ ಗೊತ್ತಿಲ್ಲ" ಎಂದು ಅವನು ನಕ್ಕ. ಓಣಿಯೂ ನಕ್ಕಿತು.

ಇದರ ಮೇಲೆ ಆಯಿಯಿಂದ ಸುದ್ದಿ. ನನ್ನ ಕೈಯಿಂದ ಆಗುವುದಿಲ್ಲವೆಂದು ಯಾರು ಚಾಡಿ ಹೇಳಿದರೋ, ಔರಾದದಿಂದ ಗೋರಖನಾಥ ಅನ್ನುವವನನ್ನು ಕಳಿಸುತ್ತಾಳಂತೆ. ತೊಗಲು, ಕಟ್ಟಿಗೆ, ಕಬ್ಬಿಣ ಮೂರೂ ಬಲ್ಲವನಂತೆ. ಹಾಡಿದರೆ ಹೋಗುವವರೂ ನಿಂತು ಕೇಳುತ್ತಾರಂತೆ. ಗಾಲಿ ಕಟ್ಟಲು ಹಾಡು ಯಾಕೆ ಬೇಕು?

ಅವನು ಮಾದಿಗ. ನಾವು ಹೊಲೆಯರು. ನಾವೆಲ್ಲ ಒಂದೇ ಎಂದು ಸಭೆಯಲ್ಲಿ ಭಾಷಣ ಮಾಡುವವನು ನಾನೇ, ನಿಜ. ಅದು ಸಭೆಯ ಮಾತು.

ಫರವರ್ದಿ ೨೪

ಬಂದ. ನನಗಿಂತ ಐದಾರು ವರ್ಷ ಚಿಕ್ಕವನು. ಹೆಗಲ ಮೇಲೊಂದು ಚೀಲ, ಚೀಲದ ತುಂಬ ತೊಗಲು ಹೊಲಿಯುವ ಆರಿ, ಉಳಿ, ದಾರ. "ಮಾಸ್ತರ, ಶರಣ್ರಿ" ಎಂದು ಬಗ್ಗಿದವನು ನಾನು ಬಾಯಿ ತೆಗೆಯುವ ಮೊದಲೇ ಗಾಡಿಯ ಕೆಳಗೆ ಹೊಕ್ಕ. ಅಲ್ಲಿಂದಲೇ ಕೂಗಿದ:

"ಅರಾ ಯಾರು ಕೆತ್ತ್ಯಾರ್ರಿ?"

"ನಾನೇ."

"ಛಲೋ ಅವ. ತಗಡು ಯಾರು ಬಡದಾರ?"

"ನಾನೇ."

ಕೆಳಗಿನಿಂದ ಕೆಮ್ಮಿದ ಸದ್ದು ಬಂತು. ಕೇಶರಿ ಒಳಗೆ ಕಿಸಕ್ಕನೆ ನಕ್ಕಳು.

ಅವನಿಗೆಂದು ದನದ ಕೊಟ್ಟಿಗೆಯ ಒಡಕು ತಂಬಿಗೆ ಬೇರೆ ಇಡು ಎಂದೆ. ಅದಕ್ಕೆ ಅವಳು, "ಮಿಶನ್ ಸಾಲ್ಯಾಗ ನೀವು ಇದನ್ನ ಕಲ್ತು ಬಂದ್ರೇನ್ರಿ?" ಎಂದು ಕೇಳಿದಳು. ಹೆಂಗಸರಿಗೆ ಕೇರಿಯ ಮಾತು ತಿಳಿಯುವುದಿಲ್ಲ. ನಾಳೆ ನಮ್ಮವರೇ ನಮ್ಮ ಮನೆಯ ನೀರು ಕುಡಿಯುವುದು ಬಿಟ್ಟರೆ? ತಂಬಿಗೆ ಬೇರೆ ಇಡಿಸಿದೆ.

ಅರ್ದಿಬಿಹಿಸ್ತ ೩

ಇಂದು ಹಳಿ ಕೂತಿತು. ಬರೆಯಬಾರದೆಂದಿದ್ದೆ, ಆದರೆ ಬರೆಯದೆ ನಿದ್ದೆ ಬರಲಿಕ್ಕಿಲ್ಲ.

ಹಳಿಯನ್ನು ಗಾಲಿಗಿಂತ ಒಂದು ಬೆರಳು ಚಿಕ್ಕದು ಮಾಡಿ ಬೆಸೆಯಬೇಕಂತೆ. ಆಮೇಲೆ ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಅದು ಹಿಗ್ಗುತ್ತದೆ. ಹಿಗ್ಗಿದ್ದನ್ನು ಗಾಲಿಯ ಮೇಲೆ ಇಳಿಸಿ ತಟ್ಟನೆ ನೀರು ಸುರಿದರೆ ಕುಗ್ಗಿ ಕಚ್ಚಿಕೊಳ್ಳುತ್ತದೆ. ನೀರು ತಡವಾದರೆ ಗಾಲಿಯ ಕಟ್ಟಿಗೆಯೇ ಸುಟ್ಟುಹೋಗುತ್ತದೆ. ಗೋರಖನಾಥ ಇದನ್ನೆಲ್ಲ ಎರಡು ಮಾತಿನಲ್ಲಿ ಹೇಳಿ ಕೇರಿಯ ಹೆಂಗಸರನ್ನೆಲ್ಲ ಕೊಡ ತುಂಬಿಸಿ ಶರಫೋದ್ದೀನನ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ.

ಅವನೂ ಶರಫೋದ್ದೀನನೂ ಇಕ್ಕಳ ಹಿಡಿದು ಹಳಿ ಇಳಿಸಿದರು. ಕಟ್ಟಿಗೆ ಹೊಗೆಯಾಡಿತು. "ನೀರ!" ಎಂದು ಗೋರಖನಾಥ ಕೈ ಚಾಚಿದ.

ಒಬ್ಬಳೂ ಕದಲಲಿಲ್ಲ. ಮಾದಿಗನ ಕೈಗೆ ಕೊಡ ಕೊಟ್ಟರೆ ಆ ಕೊಡ ಮತ್ತೆ ಮನೆಗೆ ಬರುವುದು ಹೇಗೆ? ನಾನು ನಡುವೆ ನಿಂತು, "ನನ್ನ ಕೈಯಾಗ ಕೊಡ್ರಿ, ನಾ ಹಾಕ್ತೇನಿ" ಎಂದೆ. ಒಂದು ಕೊಡ ಇಸಿದುಕೊಂಡೆ, ಸುರಿದೆ. ಎರಡನೆಯದಕ್ಕೆ ತಿರುಗಿದೆ. ಅಷ್ಟರಲ್ಲಿ ಗಾಲಿಯ ಆ ಬದಿಯಲ್ಲಿ ಜ್ವಾಲೆ ಎದ್ದಿತು.

ಕೇಶರಿ ನನ್ನನ್ನು ಭುಜದಿಂದ ತಳ್ಳಿ, ತನ್ನ ಕೊಡವನ್ನು ನೇರ ಅವನ ಕೈಗೆ ಕೊಟ್ಟಳು. "ನೋಡ್ಕೋತ ನಿಂತೀರೇನು? ಗಾಡಿ ಸುಡಲತ್ತದ!" ಎಂದು ಹೆಂಗಸರ ಮೇಲೆ ಚೀರಿದಳು. ಆಮೇಲೆ ಕೊಡಗಳು ಅವನ ಕೈಗೆ ಹೇಗೆ ಹರಿದವೋ! ಉಗಿಯಲ್ಲಿ ಏನೂ ಕಾಣಿಸಲಿಲ್ಲ. ಕಂಡಾಗ ಗಾಲಿ ತಾಯಿಯ ಗರ್ಭದಿಂದಲೇ ಹಳಿ ತೊಟ್ಟು ಬಂದಂತೆ ನಿಂತಿತ್ತು.

ಶರಫೋದ್ದೀನ ಅವನ ಬೆನ್ನು ತಟ್ಟಿ, "ಕ್ಯಾ ಹಾತ್ ಹೈ ರೇ! ನನ್ನ ಕುಲುಮಿಗಿ ಬಂದುಬಿಡು" ಎಂದ. ಇಪ್ಪತ್ತು ವರ್ಷದಿಂದ ಅದೇ ಓಣಿಯಲ್ಲಿದ್ದೇನೆ. ನನ್ನ ಬೆನ್ನನ್ನು ಅವನು ಒಂದು ದಿನವೂ ತಟ್ಟಿಲ್ಲ.

ಅರ್ದಿಬಿಹಿಸ್ತ ೯

ಕೇರಿಯೆಲ್ಲ ಗಾಲಿ ನೋಡಲು ಬರುತ್ತದೆ. ಅವನನ್ನು ಹೊಗಳಿ ಹೋಗುತ್ತದೆ. ಅರ ಕೆತ್ತಿದವನು ನಾನು. ಅರವನ್ನು ಯಾರು ನೋಡುತ್ತಾರೆ?

ಅರ್ದಿಬಿಹಿಸ್ತ ೧೫

ನನ್ನ ತಗಡನ್ನು ಕಿತ್ತೆಸೆದ. ಹದ ಮಾಡಿದ ಎಮ್ಮೆ ತೊಗಲನ್ನು ಮಾಡಿಗೆ ಬಿಗಿದು, ಹೊಲಿಗೆಗೆಲ್ಲ ಮೇಣ ಮೆತ್ತಿದ. ಕೇಶರಿ ನಾಲ್ಕು ಕೊಡ ಸುರಿದಳು, ಒಳಗೆ ಒಂದು ಹನಿ ಇಲ್ಲ. ಅಚ್ಚಿನ ಕೆಳಗೆ ನೀರಿನ ಪಖಾಲಿ ತೂಗುಹಾಕಿದ್ದಾನೆ, ಹತ್ತು ಕೊಡ ಹಿಡಿಯುವ ತೊಗಲಿನ ಚೀಲ, ಬಾಯಿಗೆ ಕಟ್ಟಿಗೆಯ ಬೆಣೆ. ಹಿಂಬಾಗಿಲನ್ನು ಕೆಳಗೆ ಬೀಳಿಸಿದರೆ ಕಪ್ಪು ಹಲಗೆಯಾಗುವಂತೆ ಮಸಿ ಬಳಿದಿದ್ದಾನೆ. ಅದು ನನಗೆ ಹೊಳೆಯಬೇಕಾಗಿದ್ದ ಯುಕ್ತಿ. ಮಾಸ್ತರನು ನಾನಲ್ಲವೇ?

ಪಖಾಲಿಯ ನೀರು ಬಹಳ ತಂಪಂತೆ. ನಾನು ಕುಡಿಯಲಿಲ್ಲ.

ಸಂಜೆ ಕೈ ತೊಳೆದುಕೊಂಡು ಬಂದು ಎದುರಿಗೆ ಕೂತ. "ಮಾಸ್ತರ, ನನಗೂ ಅಕ್ಷರ ಹೇಳಿಕೊಡ್ರಿ. ಆಯಿ ಅಂದಾಳ, ಕಲ್ತು ಬಂದ್ರ ಭಾಲ್ಕಿ ಸಭಾದಾಗ ನಿನ್ನ ಕೈಲಿನೂ ಓದಿಸಿ ನೋಡ್ತೇನಿ ಅಂತ."

ಅಂದರೆ ಇದು ಆಯಿಯ ಲೆಕ್ಕ! ಗಾಡಿ ಕಟ್ಟಬಲ್ಲ, ಹಾಡಬಲ್ಲ. ಓದಲೂ ಬಂದುಬಿಟ್ಟರೆ ನಾನು ಯಾತಕ್ಕೆ ಉಳಿಯುತ್ತೇನೆ?

ಅರ್ದಿಬಿಹಿಸ್ತ ೨೨

ಏಳು ದಿನದಲ್ಲಿ ‘ಭ’ ತನಕ ಬಂದ. ಆ ‘ಭ’ ಮುಟ್ಟಲು ನನಗೆ ಮಿಶನ್ ಸಾಲೆಯಲ್ಲಿ ಒಂದು ಮಳೆಗಾಲ ಬೇಕಾಗಿತ್ತು, ಜೊತೆಗೆ ಅಂಗೈ ತುಂಬ ಬಾಸುಂಡೆ. ಇವನಿಗೆ ಎಲ್ಲ ಅಕ್ಷರವೂ ತನ್ನ ಚೀಲದ ಸಾಮಾನೇ. ‘ಗ’ ಅಂದರೆ ಎತ್ತಿನ ನಾಲು, ‘ರ’ ಅಂದರೆ ಚಪ್ಪಲಿಯ ಉಂಗುಟ, ‘ಠ’ ಅಂದರೆ ತಮಟೆಯಂಥ ಹಲಿಗೆಯ ನಡುವೆ ಬಿದ್ದ ಏಟು. ಕೇಶರಿ ಒಲೆಯ ಮುಂದೆ ಕೂತು ಕೇಳಿ ನಗುತ್ತಾಳೆ. ಅಂಥ ನಗೆ ಮದುವೆಯಾಗಿ ಒಂಬತ್ತು ವರ್ಷದಲ್ಲಿ ನಾನು ಕೇಳಿಲ್ಲ.

ಇವತ್ತು ಹಲಗೆಯ ಮೇಲೆ ‘ಮ’ ಬರೆದೆ, ಫರಕು ತಿಳಿಯಲೆಂದು ಪಕ್ಕದಲ್ಲೇ ‘ವ’ ಬರೆದೆ. ಅಷ್ಟರಲ್ಲಿ ಶರಫೋದ್ದೀನ ಬಾಗಿಲಿಗೆ ಬಂದು, "ಏನ್ ಗೋರಖ ಮಾಸ್ತರ, ಸಾಲಿ ನಡದದೇನು?" ಎಂದು ಚೇಷ್ಟೆ ಮಾಡಿ ಹೋದ. ಗೋರಖ ಮಾಸ್ತರ! ಬಳಪ ನನ್ನ ಕೈಯಲ್ಲಿದೆ, ಮಾಸ್ತರ ಅವನು!

ಗೋರಖನಾಥ ಹಲಗೆಯನ್ನೇ ನೋಡುತ್ತಿದ್ದ. "ಬಾಲ ಇರಲಾರದ್ದು ‘ಮ’ ಏನ್ರಿ ಮಾಸ್ತರ, ಬಾಲ ಇದ್ದದ್ದು ‘ವ’?" ಎಂದು ಕೇಳಿದ.

ಹಿಂದುಮುಂದಾಗಿ ಕೇಳಿದ. ತಿದ್ದಬೇಕಿತ್ತು.

"ಹೂಂ" ಅಂದೆ.

ಅರ್ದಿಬಿಹಿಸ್ತ ೨೩

ನಾಳೆ ತಿದ್ದುತ್ತೇನೆ.

ಅರ್ದಿಬಿಹಿಸ್ತ ೩೦

ಅವನ ತಾಯಿಗೆ ಜ್ವರವೆಂದು ಔರಾದದಿಂದ ಆಳು ಬಂದಿತ್ತು. ಗಾಡಿಯ ಕೆಲಸವೂ ಮುಗಿದಿದೆ. ಹೊರಟು ನಿಂತವನು, "ಎಲ್ಲಾ ಅಕ್ಷರ ಒಂದು ಕಾಗದದಾಗ ಬರದು ಕೊಡ್ರಿ. ದಾರ್ಯಾಗ ನೋಡ್ಕೋತ ಹೋಗ್ತೇನಿ" ಎಂದ.

ಕೂತು ಬರೆದೆ. ಪ ಫ ಬ ಭ ತನಕ ಕೈ ಸರಾಗ ಓಡಿತು. ಅಲ್ಲಿ ನಿಂತೆ. ಸರಿಯಾದದ್ದನ್ನು ಬರೆದರೆ, "ಇದಕ್ಕ ಬಾಲ ಯಾಕ ಬಂತು?" ಎಂದು ಕೇಳುತ್ತಾನೆ, ಕೇಶರಿಯ ಮುಂದೆಯೇ ಕೇಳುತ್ತಾನೆ. ‘ಭ’ ಆದ ಮೇಲೆ ‘ವ’ ಬರೆದೆ. ಯ ರ ಲ ಆದ ಮೇಲೆ ‘ಮ’ ಬರೆದೆ. ಅವನು ಅದನ್ನು ಹಣೆಗೊತ್ತಿಕೊಂಡು ಚೀಲದಲ್ಲಿಟ್ಟ.

ಎರಡು ಅಕ್ಷರ. ಐವತ್ತರಲ್ಲಿ ಎರಡು. ಅವನು ಸಭೆಗೆ ಬಂದು ಓದಲು ನಿಂತರೆ ಜನ ನಗುತ್ತಾರೆ, ಅಷ್ಟೇ. ಜನ ನನ್ನನ್ನೂ ನೋಡಿ ನಕ್ಕಿದ್ದಾರೆ. ನಾನೇನು ಸತ್ತೆನೇ?

ಭಾಲ್ಕಿ, ಖುರದಾದ ೧೦

ಮಾಸ್ತರಿಕೆ ನನಗೆ ಬಂತು!

ಅವನು ಬರಲೇ ಇಲ್ಲ. ತಾಯಿಯ ಜ್ವರ ಇಳಿದಿಲ್ಲವಂತೆ. ಸುಭದ್ರಾ ಆಯಿ ಗಾಡಿಯ ಸುತ್ತ ಮೂರು ಸುತ್ತು ಬಂದಳು. ಬಸಿರಿಯ ಹೊಟ್ಟೆ ಮುಟ್ಟಿ ನೋಡುವಂತೆ ಮಾಡಿನ ತೊಗಲನ್ನು ಒತ್ತಿ ನೋಡಿದಳು, ಹಳಿಗೆ ಕಲ್ಲು ಬಡಿದು ಕಿವಿಗೊಟ್ಟಳು.

"ಏ ಮಾಣಿಕಾ, ಇದೆಲ್ಲಾ ನಿನ್ನ ಕೈಯೇನೋ?"

"ಹೌದ್ರಿ ಆಯಿ. ಅಂವ ಜರಾ ಕೈಗೂಡಿಸಿದ."

ಆಕೆ ನನ್ನ ಅಂಗೈ ಹಿಡಿದು ಮಗುಚಿದಳು. "ನಿನ್ನ ಕೈಯಾಗ ಒಂದು ಬೊಬ್ಬಿನೂ ಕಾಣಲೊಲ್ಲದಲ್ಲೋ" ಎಂದಳು. ಜನ ನಕ್ಕರು, ನಾನೂ ನಕ್ಕೆ. ಓದುವವನು ಬೇರೆ ಯಾರೂ ಇರಲಿಲ್ಲವಲ್ಲ, ನನ್ನ ಕೊರಳಿಗೇ ಹಾರ ಹಾಕಿಸಿದಳು. ಮೊದಲ ಸುತ್ತು ಸಂತಪುರ, ಆಮೇಲೆ ಔರಾದ.

ಕೇಶರಿ ಹಾರವನ್ನು ಎತ್ತಿನ ಕೊಂಬಿಗೆ ಸುತ್ತಿದಳು. "ಖರೇ ದುಡದವ್ರಿಗಿ ಹಾಕೀನಿ" ಎಂದಳು.

ಸಂತಪುರ, ಖುರದಾದ ೨೬

ಎಂಟು ದಿನದ ಸಾಲೆ ಮುಗಿಯಿತು. ಹದಿನಾರು ಮಂದಿ ಕೂತರು. ಮೊನ್ನೆ ಸಂಜೆ ಆಲಿಕಲ್ಲು ಮಳೆ. ಊರ ಹಂಚುಗಳು ಒಡೆದವು, ಗಾಡಿಯೊಳಗೆ ಕಂದೀಲು ಕೂಡ ಅಲುಗಲಿಲ್ಲ. ಹನ್ನೊಂದು ಮಕ್ಕಳು ನಮ್ಮ ಮಂಚದ ಮೇಲೆ ಒಬ್ಬರ ಮೇಲೊಬ್ಬರು ಕೂತು, ಹೊಡೆತದ ಸದ್ದಿಗೆ ಸರಿಯಾಗಿ ಕಾಗುಣಿತ ಕೂಗಿದರು.

ಊರ ಬಾವಿಯವರು ನೀರು ಕೊಡಲಿಲ್ಲ. ಎರಡನೆಯ ಸಲ ಕೇಳುವ ಗೊಡವೆಗೆ ಹೋಗಲಿಲ್ಲ. ಪಖಾಲಿಯ ಬೆಣೆ ತೆಗೆದು ಕುಡಿದೆ. ತಂಪಾಗಿತ್ತು. ಎರಡು ತಂಬಿಗೆ ಕುಡಿದೆ.

ಇನ್ನು ಔರಾದಕ್ಕೆ ಹೊರಡಬೇಕು. ಎಡ ಎತ್ತು ಕುಂಟುತ್ತಿದೆಯೇನೋ ಎಂದು ನೋಡಿದೆ. ಕುಂಟುತ್ತಿಲ್ಲ.

ಔರಾದ, ತೀರ ತಿಂಗಳು ೨

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಅವರ ಕೇರಿಗೆ ಗಾಡಿ ತಿರುಗುತ್ತಲೇ ಮೊದಲ ಮನೆಯ ಗೋಡೆ ಕಂಡಿತು. ಸುಣ್ಣದಲ್ಲಿ ಮೊಳದುದ್ದದ ಅಕ್ಷರ: ‘ನವ್ವ ವನಿ’. ಎರಡನೆಯ ಗೋಡೆ: ‘ನವ್ವ ವನಿ’. ಮೂರನೆಯದು, ನಾಲ್ಕನೆಯದು. ಅದರ ಕೆಳಗೆ ಚಿಕ್ಕ ಹುಡುಗಿಯೊಬ್ಬಳು ಇದ್ದಲಿನಿಂದ ಅದನ್ನೇ ತಿದ್ದುತ್ತಿದ್ದಳು, ನಾಲಗೆ ಹೊರಗೆ ಚಾಚಿ, ಅಷ್ಟು ನಿಷ್ಠೆಯಿಂದ.

‘ನಮ್ಮ ಮನಿ’ ಎಂದು ಬರೆದಿದ್ದಾರೆ, ನಾನು ಕಲಿಸಿದ ಹಾಗೆ. ಗೋರಖನಾಥ ಮನೆಗೆ ಬಂದ ಮರುದಿನದಿಂದಲೇ ನನ್ನ ಕಾಗದವನ್ನು ಕಂಬಕ್ಕೆ ಹಚ್ಚಿ ಇಡೀ ಕೇರಿಗೆ ಕಲಿಸಿದ್ದಾನೆ. ಮೂವತ್ತೆರಡು ಮಂದಿ! ನಾನು ಸಂತಪುರದಲ್ಲಿ ಹದಿನಾರಕ್ಕೆ ಹಿಗ್ಗಿದ್ದೆ.

ಓಡಿ ಬಂದು ನನ್ನ ಕಾಲು ಮುಟ್ಟಿದ. "ಇವರೇ ನೋಡ್ರಪಾ ನಮ್ಮ ಗುರುಗಳು" ಎಂದು ಕೂಗಿ ಹೇಳಿದ. ಅವನ ಎಡಗಿವಿಯ ಕೆಳಗೆ ಹಸಿರುಗಟ್ಟಿದ ಬಾಸುಂಡೆ. ಏನೆಂದು ಕೇಶರಿ ಕೇಳಿದಳು.

ಹೇಳಿದವಳು ಅವನ ತಾಯಿ ವಿಮಲಾಬಾಯಿ. ಆಕೆಯ ತುಂಡು ಹೊಲದಲ್ಲಿ ಕೇರಿಯವರಿಗೊಂದು ಬಾವಿ ತೋಡಲು ಅಪ್ಪಣೆ ಬೇಕೆಂದು ಕಚೇರಿಗೆ ದರಖಾಸ್ತು ಒಯ್ದಿದ್ದರಂತೆ. "ಹೆಬ್ಬಟ್ಟು ಒತ್ತಂಗಿಲ್ಲ, ದಸ್ಕತ್ತೇ ಮಾಡ್ತೇನಿ ಅಂದೆ ಯವ್ವಾ. ಜ್ವರ ಇದ್ರೂ ಹದಿನೈದು ದಿನ ತಿದ್ದೀನಿ. ಮಾಡಿ ಕೊಟ್ಟೆ. ಆ ಕಾರಕೂನ ನೋಡಿ, ಮಿವಲಾಬಾಯಿ ಅನ್ನೋ ಹೆಂಗಸು ನಮ್ಮ ದಫ್ತರದಾಗ ಇಲ್ಲ, ಹೊಲ ನಿಂದಲ್ಲ ಅಂದ."

ಗೋರಖನಾಥ ನಗುತ್ತಾ ಮುಂದಿನದನ್ನು ಹೇಳಿದ. "ನಾ ಬಿಡ್ತೇನೇನ್ರಿ ಮಾಸ್ತರ? ಓದಾಕ ಬರಲಾರದವನ್ನ ಈ ಗಾದಿ ಮ್ಯಾಲೆ ಯಾರು ಕೂಡಿಸ್ಯಾರ ಅಂತ ಕೇಳಿದೆ. ನೀವು ಬರದು ಕೊಟ್ಟ ಕಾಗದ ಅಂವನ ಮಾರಿಗಿ ಹಿಡದೆ. ನಮ್ಮ ಮಾಸ್ತರ ಬರದಾರ, ನೋಡಿ ಕಲ್ಕೋ ಅಂದೆ. ಚಪರಾಸಿ ಬಡದ, ಮೂರು ದಿನ ಕೋಣ್ಯಾಗ ಹಾಕಿದ್ರು. ದರಖಾಸ್ತು ಹರದು ಹಾಕಿದ್ರು. ಆದ್ರ ಆ ಅಕ್ಷರ ಮಾತ್ರ ನಾ ಬಿಟ್ಟುಕೊಡಲಿಲ್ಲ ನೋಡ್ರಿ. ಹೊಟ್ಟಿಕಿಚ್ಚು ಅವ್ರಿಗಿ. ನಾವು ಕಲ್ತೇವಂತ."

ಹೊಟ್ಟೆಕಿಚ್ಚು ಅವರಿಗೆ! ನನ್ನ ಅಕ್ಷರಕ್ಕಾಗಿ ಮೂರು ದಿನ ಕತ್ತಲೆಯಲ್ಲಿ ಕೂತಿದ್ದಾನೆ, ಹೇಳುವಾಗ ನಗುತ್ತಾನೆ!

ಊಟಕ್ಕೆ ಕರೆದರು. ಹೊಟ್ಟೆ ಸರಿಯಿಲ್ಲವೆಂದೆ. ಅವರು ಮುಖ ಮುಖ ನೋಡಿಕೊಂಡರು. ಅವರ ಮನೆಯ ಅನ್ನವೆಂದು ಒಲ್ಲೆನೆನ್ನುತ್ತಿದ್ದೇನೆ ಎಂದುಕೊಂಡರು. ಅದಲ್ಲ. ಇಂದು ಅದಲ್ಲ.

ಔರಾದ, ತೀರ ೩

ಹೇಳಿದೆ.

ಬೆಳಗ್ಗೆ ಎಲ್ಲರೂ ಗಾಡಿಯ ಹಿಂದೆ ಸಾಲಾಗಿ ಕೂತಿದ್ದರು. ಹಿಂಬಾಗಿಲು ಇಳಿಸಿ ಕಪ್ಪು ಹಲಗೆಯ ಮೇಲೆ ‘ಮ’ ಬರೆದೆ. ಮೂವತ್ತೆರಡು ಬಾಯಿ ಒಟ್ಟಿಗೆ ‘ವ’ ಅಂದವು.

"ಅಲ್ಲ. ಇದು ‘ಮ’. ಬಾಲ ಇದ್ದದ್ದೇ ‘ಮ’. ಕಾರಕೂನ ಓದಿದ್ದು ಬರಾಬರ್ ಇತ್ತು. ನಾ ಸುಳ್ಳ ಕಲಿಸಿದೆ. ಗೊತ್ತಿದ್ದೇ ಕಲಿಸಿದೆ."

ಯಾರಿಗೂ ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟ. ಗೋರಖ ಮಾಸ್ತರ ಎಂದು ಶರಫೋದ್ದೀನ ಅಂದದ್ದು, ಕೇಶರಿ ನಕ್ಕದ್ದು, ಭಾಲ್ಕಿಯಲ್ಲಿ ಗಾಡಿ ಕಟ್ಟಿದವನು ನಾನೇ ಎಂದದ್ದು, ಎಲ್ಲ ಹೇಳಿದೆ. ಬ್ರಾಹ್ಮಣನೋ ಗೌಡನೋ ಅಕ್ಷರ ಕೊಡಲಿಲ್ಲವೆಂದು ಊರೂರು ಕೂಗುತ್ತ ಬಂದವನು ನಾನು. ಅವರು ಕೊಡದೆ ಬಿಟ್ಟರು. ನಾನು ಕೆಡಿಸಿ ಕೊಟ್ಟೆ.

ಬಡಿಯುತ್ತಾರೆಂದುಕೊಂಡಿದ್ದೆ. ಯಾರೂ ಏಳಲಿಲ್ಲ. ಕೇಶರಿ ಗಾಡಿಯಿಂದ ತನ್ನ ಗಂಟು ಇಳಿಸಿಕೊಂಡು, ನನ್ನ ಕಡೆ ನೋಡದೆ ವಿಮಲಾಬಾಯಿಯ ಮನೆಯೊಳಗೆ ಹೋದಳು.

ಗೋರಖನಾಥ ಕೂತಲ್ಲೇ ಮಣ್ಣಿನಲ್ಲಿ ಬೆರಳಿನಿಂದ ಬಾಲದ ಅಕ್ಷರವನ್ನು ಬರೆದು ನೋಡಿದ. ಆಮೇಲೆ ಕೇಳಿದ:

"ಇನ್ನ ಯಾವ್ಯಾವ ಅಕ್ಷರ ಸುಳ್ಳವ?"

"ಇವೆರಡೇ."

"ಅದನ್ನ ನಂಬೋದು ಹ್ಯಾಂಗ?"

ಅವನು ಎದ್ದು ಬಂದ. ಗಾಡಿಯ ಅಚ್ಚಿನ ತುದಿಯಲ್ಲಿ ಗಾಲಿ ಹೊರಬರದಂತೆ ತಡೆಯುವ ಕಡಾಣಿ ಇರುತ್ತದೆ. ಅದನ್ನು ಎಳೆದು ತೆಗೆದ. ಇಬ್ಬರು ಗಾಡಿ ಎತ್ತಿ ಹಿಡಿದರು. ಬಲಗಾಲಿಯನ್ನು ಕಳಚಿ, ಮನೆಯ ತನಕ ಉರುಳಿಸಿಕೊಂಡು ಹೋಗಿ ಒಳಗಿಟ್ಟು ಕದ ಹಾಕಿದ. ತಿರುಗಿ ಬಂದು ಮುಂದಿನ ಸಾಲಿನಲ್ಲಿ ಕೂತ.

"‘ಅ’ದಿಂದ ಸುರು ಮಾಡ್ರಿ. ಐವತ್ತೂ ಆಗೋತನಕ ಗಾಡಿ ಹೊಂಡಂಗಿಲ್ಲ."

ತೀರ ೪

ಎಂಟು ಅಕ್ಷರ. ಪ್ರತಿಯೊಂದಕ್ಕೂ ವಿಮಲಾಬಾಯಿ, "ಇದು ಖರೇ ಏನು?" ಎಂದು ಕೇಳುತ್ತಾಳೆ. ಪ್ರತಿಯೊಂದಕ್ಕೂ "ಖರೇ ಅವ್ವಾ" ಎನ್ನುತ್ತೇನೆ. ಆಕೆ ನಂಬುವುದಿಲ್ಲ. ಸಂತೆಗೆ ಬಂದ ಓದುಬಲ್ಲ ಒಬ್ಬ ದಲಾಲನಿಗೆ ತಾನು ಬರೆದ ಪಾಟಿ ತೋರಿಸಿ ಖಾತ್ರಿ ಮಾಡಿಕೊಂಡು ಬಂದಳು. ‘ಈ’ ಸರಿ ಇದೆಯಂತೆ.

ನಡೆದದ್ದನ್ನೆಲ್ಲ ಬರೆದು ಭಾಲ್ಕಿಗೆ ಕಳಿಸಿದೆ. ಆಯಿಗೆ ಓದಲು ಬರುವುದಿಲ್ಲ. ಬೇರೆಯವರ ಬಾಯಿಂದ ನಾಲ್ಕು ಜನರ ಮುಂದೆ ಓದಿಸಿಯೇ ಕೇಳುತ್ತಾಳೆ. ಕೇಳಲಿ.

ತೀರ ೧೧

ತಪ್ಪು ಬರೆದ ಗೋಡೆಗಳಿಗೆ ಸುಣ್ಣ ಹೊಡೆಯುತ್ತಿದ್ದೇನೆ. ಕಲಿತವರಿಗೆ ತಲೆಗೊಂದರಂತೆ ಮೂವತ್ತೆರಡು ಗೋಡೆ. ಕೇಶರಿ ಸುಣ್ಣ ಕಲಸಿ ಕೊಡುತ್ತಾಳೆ, ಮಾತಾಡುವುದಿಲ್ಲ. ಇಂದು ಮಧ್ಯಾಹ್ನ, "ಆ ಮೂಲಿ ಬಿಟ್ಟೀರಿ" ಎಂದಳು.

ತೀರ ೧೭

ಭಾಲ್ಕಿಯಿಂದ ಆಯಿಯ ಮಾತು ಬಂತು. "ಮಾಸ್ತರಿಕಿ ಈಗ ಯಾರದೂ ಅಲ್ಲ. ವಿಮಲಾಬಾಯಿ ಹೊಲದಾಗ ನೀರ ಬಿದ್ದ ಮ್ಯಾಲೆ ಹೇಳ್ತೇನಿ. ಅಲ್ಲಿತನಕ ಗಾಡಿ ಔರಾದದಾಗೇ ಇರ್ಲಿ." ಮಧ್ಯಾಹ್ನ ವಿಮಲಾಬಾಯಿಯವರ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ. ಖಾರ ಜಾಸ್ತಿಯಾಗಿ ಮೂರು ತಂಬಿಗೆ ನೀರು ಬೇಕಾಯಿತು.

ಐವತ್ತೂ ಮುಗಿದವು. ಇಂದು ಹೊಸ ದರಖಾಸ್ತು ಬರೆದೆವು. ವಿಮಲಾಬಾಯಿಯವರು ದಸ್ಕತ್ತು ಹಾಕುವಾಗ ಉಸಿರು ಬಿಗಿಹಿಡಿದಿದ್ದರು, ನಾವೆಲ್ಲರೂ ಹಿಡಿದಿದ್ದೆವು. ‘ವಿಮಲಾಬಾಯಿ’. ಒಂದೊಂದು ಅಕ್ಷರವೂ ತನ್ನ ತನ್ನ ಜಾಗದಲ್ಲಿ. ನಾಳೆ ಗೋರಖನಾಥರು ಅದನ್ನು ಕಚೇರಿಗೆ ಒಯ್ಯುತ್ತಾರೆ, ಜೊತೆಗೆ ನಾನೂ ಹೋಗುತ್ತೇನೆ. ಆ ಕಾರಕೂನನ ಮುಂದೆ ತಪ್ಪು ಯಾರದೆಂದು ಹೇಳಬೇಕು. ಬಡಿಯುವುದಾದರೆ ಈ ಸಲ ಬಡಿಯಬೇಕಾದವನನ್ನೇ ಬಡಿಯಲಿ.

ಕೆಳಗೆ ಸಾಕ್ಷಿಗಳು ಇಬ್ಬರು. ನಾನು ‘ಮಾಣಿಕ’ ಎಂದು ಬರೆದೆ. ಅದರ ಕೆಳಗೆ ಅವರು ‘ವಿಮಲಾಬಾಯಿಯ ಮಗ ಗೋರಖನಾಥ’ ಎಂದು ಬರೆದರು. ಒಂದರ ಕೆಳಗೊಂದು ಇದ್ದುದರಿಂದ ಕಣ್ಣು ತಪ್ಪಿಸಲಾಗಲಿಲ್ಲ. ನನ್ನ ‘ಮ’ ಕುಂಟುತ್ತದೆ. ಮೊದಲಿಂದಲೂ ಕುಂಟುತ್ತಿತ್ತೇ? ಅವರ ‘ಮ’ದ ಬಾಲ ಆರಿಯಿಂದ ಹೊಲಿಗೆ ಎಳೆದಂತೆ ದುಂಡಗೆ ತಿರುಗಿ ನಿಂತಿದೆ. ಹದಿನೆಂಟು ವರ್ಷದಿಂದ ಬರೆಯುತ್ತಿರುವವನು ನಾನು. ಅವರು ಅದನ್ನು ಸರಿಯಾಗಿ ಬರೆಯಲು ತೊಡಗಿ ಹದಿನಾಲ್ಕು ದಿನ!

ಹೊತ್ತು ಮುಳುಗುವ ತನಕ ತಡೆದೆ. ಆಮೇಲೆ ಪಾಟಿ ಹಿಡಿದು ಅವರ ಜಗಲಿಗೆ ಹೋಗಿ ಪಕ್ಕದಲ್ಲಿ ಕೂತೆ.

"ಬಾಲ ಹ್ಯಾಂಗ ತಿರುವಿದ್ರಿ?" ಎಂದೆ. "ಜರಾ ತೋರಿಸ್ರಿ."